ಸಂಶಯವೋ, ವಿತಂಡವೋ?

ಭೂಮಿಯ ವಾಯುಗುಣವು ಮಾರ್ಪಡುತ್ತಿದೆಯೆಂಬ ಮಾತನ್ನು ಎತ್ತಿದೊಡನೆ ನಮ್ಮ ವಿದ್ಯಾವಂತರ ಕೂಟಗಳಲ್ಲಿ ಈಚೆಗೆ ಒಂದು ಬಗೆಯ ನಗೆ ಕಾಣಿಸಿಕೊಳ್ಳುತ್ತದೆ. ಅದು ಅಜ್ಞರ ನಗೆಯಲ್ಲ. ಬಹಳವನ್ನು ಓದಿ, ಬಹಳ ಸಲ ಮೋಸಹೋಗಿ, ಇನ್ನು ಯಾರ ಮಾತಿಗೂ ಮರುಳಾಗುವುದಿಲ್ಲವೆಂದು ನಿಶ್ಚಯಿಸಿಕೊಂಡವರ ನಗೆ. “ಹಿಂದೆ ಇವರೇ ಹಿಮಯುಗ ಬರುತ್ತದೆಂದು ಹೆದರಿಸಿದರು, ಆಮೇಲೆ ಹಿಮಾಲಯವೇ ಕರಗಿಹೋಗುತ್ತದೆಂದರು, ಪತ್ರಿಕೆಗಳಿಗೆ ಪ್ರಳಯದ ಸುದ್ದಿಯಿಲ್ಲದೆ ಊಟ ಸೇರದು, ಇದೆಲ್ಲ ಪಶ್ಚಿಮದವರು ನಮ್ಮನ್ನು ಬಡವರಾಗಿಯೇ ಇಡಲು ಹೂಡಿದ ಉಪಾಯ” — ಆ ನಗೆಯ ಹಿಂದಿರುವ ವಾದದ ಸಾರಾಂಶವು ಇಷ್ಟೇ. ಹೀಗೆ ವಾದಿಸುವವರಲ್ಲಿ ನನ್ನ ಹಿರಿಯರೂ ಮಿತ್ರರೂ ಇದ್ದಾರೆ. ಆದುದರಿಂದ ಅವರ ಮಾತನ್ನು ಪರೀಕ್ಷಿಸದೆ ತಳ್ಳಿಬಿಡುವುದು ಅವಿನಯವಾದೀತು. ಪರೀಕ್ಷಿಸಿದ ಮೇಲೆ ಅವರ ಮನಸ್ಸು ನೋಯುವುದೆಂದು ಸುಮ್ಮನಿರುವುದು ಅದಕ್ಕಿಂತಲೂ ದೊಡ್ಡ ತಪ್ಪಾದೀತು.

ಸಂಶಯವು ನಿಂದ್ಯವೆಂದು ನಾನು ಹೇಳುವವನಲ್ಲ. ನಮ್ಮ ನ್ಯಾಯಶಾಸ್ತ್ರದವರು ಎಣಿಸಿದ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೆ ಮೂರನೆಯ ಸ್ಥಾನವಿದೆ. ಸಂಶಯವಿಲ್ಲದೆ ವಿಚಾರವು ಹುಟ್ಟುವುದೇ ಇಲ್ಲವೆಂದು ಅವರು ಬಲ್ಲರು. ಆದರೆ ಅದೇ ಪಟ್ಟಿಯಲ್ಲಿ ಮುಂದೆ ನಿರ್ಣಯವೆಂಬುದೂ ಇದೆ. ಮತ್ತೂ ಮುಂದೆ ವಿತಂಡವೆಂಬುದೂ ಇದೆ. ಪ್ರಮಾಣಗಳನ್ನು ತೂಗಿನೋಡಿ ಸಂಶಯವನ್ನು ನೀಗಿಸಿಕೊಂಡಾಗ ದೊರೆಯುವುದು ನಿರ್ಣಯ. ತನ್ನದೆಂಬ ಪಕ್ಷವೊಂದನ್ನು ಸ್ಥಾಪಿಸುವ ಹೊಣೆಯನ್ನು ಹೊರದೆ, ಎದುರಾಳಿಯ ಮಾತನ್ನು ಕೆಡಹುವುದನ್ನಷ್ಟೇ ಮಾಡುವ ವಾದಕ್ಕೆ ವಿತಂಡವೆಂದು ಹೆಸರು. ಹೊರನೋಟಕ್ಕೆ ಸಂಶಯವೂ ವಿತಂಡವೂ ಒಂದೇ ಬಗೆಯಾಗಿ ಕಾಣುತ್ತವೆ, ಎರಡೂ ಪ್ರಶ್ನೆಗಳನ್ನೇ ಕೇಳುತ್ತವೆ. ಉತ್ತರ ಬಂದಾಗ ಮಾತ್ರ ಅವುಗಳ ಭೇದವು ತಿಳಿಯುತ್ತದೆ. ಉತ್ತರಕ್ಕೆ ಕಿವಿಗೊಡುವುದು ಸಂಶಯ. ಉತ್ತರವು ಮುಗಿಯುವ ಮೊದಲೇ ಮುಂದಿನ ಪ್ರಶ್ನೆಯನ್ನು ಎತ್ತುವುದು ವಿತಂಡ. ಪ್ರಕೃತ ವಿಷಯದಲ್ಲಿ ನಮ್ಮ ಜನರಿಗೆ ಸಂಶಯದ ಹೆಸರಿನಲ್ಲಿ ಬಹುಮಟ್ಟಿಗೆ ವಿತಂಡವು ಬಡಿಸಲ್ಪಟ್ಟಿದೆಯೆಂದೂ, ಬಡಿಸಿದವರಲ್ಲಿ ವೃತ್ತಪತ್ರಿಕೆಗಳವರು ಮುಖ್ಯರೆಂದೂ, ಆದರೆ ಅವರ ಅಪರಾಧವನ್ನು ಶಾಸ್ತ್ರದ ತಲೆಗೆ ಕಟ್ಟುವುದು ಸರ್ವಥಾ ನ್ಯಾಯವಲ್ಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ವಾದಕ್ಕೆ ಇಳಿಯುವ ಮೊದಲು ಅಳತೆಗಳನ್ನು ಮುಂದಿಡುವುದು ಒಳ್ಳೆಯದು. ಇಂಗಾಲಾಮ್ಲ ವಾಯು, ಎಂದರೆ ಇಂದಿನ ಪಠ್ಯಪುಸ್ತಕಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಎನಿಸಿಕೊಂಡಿರುವುದು, ಶಾಖಕಿರಣಗಳನ್ನು ಹೀರಿ ತಡೆಯುತ್ತದೆಂಬುದನ್ನು ಜಾನ್ ಟಿಂಡಾಲನು 1859ರಲ್ಲಿ ಆರಂಭಿಸಿದ ಪ್ರಯೋಗಗಳಿಂದ ತೋರಿಸಿದನು. ಗಾಳಿಯಲ್ಲಿ ಅದರ ಪ್ರಮಾಣವು ಇಮ್ಮಡಿಯಾದರೆ ಭೂಮಿಯ ಉಷ್ಣತೆಯು ಕೆಲವು ಡಿಗ್ರಿಗಳಷ್ಟು ಏರುವುದೆಂದು ಸ್ವೀಡನ್ನಿನ ಅರ‍್ಹೇನಿಯಸನು 1896ರಲ್ಲಿಯೇ ಲೆಕ್ಕಹಾಕಿದನು. ಯಂತ್ರೋದ್ಯಮವು ಬೆಳೆಯುವುದಕ್ಕೆ ಮುಂಚೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ವಾಯುವು ಸುಮಾರು 280 ಭಾಗವಿತ್ತು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗನು ನಿರಂತರವಾಗಿ ಅಳೆಯಲು ತೊಡಗಿದಾಗ ಸುಮಾರು 315 ಇದ್ದಿತು. ಈಗ ಅದು 420ನ್ನು ದಾಟಿದೆ. ಜಾಗತಿಕ ಹವಾಮಾನ ಸಂಸ್ಥೆಯ ಗಣನೆಯಂತೆ 2024ನೆಯ ವರ್ಷದ ಸರಾಸರಿ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸರಾಸರಿಗಿಂತ ಸುಮಾರು 1.55 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಾಗಿದ್ದಿತು.

“ಏರಿದರೆ ಏರಲಿ, ಅದು ಸೂರ್ಯನ ಕೆಲಸವಿರಬಹುದಲ್ಲ?” ಎಂದು ಕೇಳುವವರುಂಟು. ಇದು ಒಳ್ಳೆಯ ಪ್ರಶ್ನೆ, ಉತ್ತರವೂ ಇದೆ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಕೆಳಗಿನ ಪದರವೂ ಮೇಲಿನ ಪದರವೂ ಒಟ್ಟಿಗೆ ಕಾಯಬೇಕಾಗಿತ್ತು. ಅಳೆದು ನೋಡಿದರೆ ಕೆಳಗಿನದು ಕಾಯುತ್ತಿದೆ, ಮೇಲಿನದು ತಣ್ಣಗಾಗುತ್ತಿದೆ. ಕಂಬಳಿಯನ್ನು ಹೊದ್ದವನ ಮೈ ಬೆಚ್ಚಗಾಗಿ ಕಂಬಳಿಯ ಹೊರಗಿನ ಗಾಳಿ ತಣ್ಣಗೇ ಉಳಿಯುವುದನ್ನು ಇದಕ್ಕೆ ಹೋಲಿಸಬಹುದು. ಇನ್ನು, ಗಾಳಿಗೆ ಸೇರುತ್ತಿರುವ ಇಂಗಾಲವು ಎಲ್ಲಿಂದ ಬಂದುದೆಂಬುದಕ್ಕೂ ಗುರುತುಂಟು. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಲ್ಲಿದ್ದಲು ಕಲ್ಲೆಣ್ಣೆಗಳ ಇಂಗಾಲದಲ್ಲಿ, ಜೀವಂತ ಸಸ್ಯಗಳಲ್ಲಿರುವ ವಿಕಿರಣಶೀಲ ಇಂಗಾಲದ ಅಂಶವು ಇರುವುದಿಲ್ಲ. ಈ ಹಳೆಯ ಇಂಗಾಲವು ಗಾಳಿಗೆ ಬೆರೆತು ಹೊಸದನ್ನು ತೆಳುಗೊಳಿಸುತ್ತಿರುವುದನ್ನು 1950ರ ದಶಕದಲ್ಲಿಯೇ ಪತ್ತೆಹಚ್ಚಿದರು. ಹೀಗೆ ಕಾರ್ಯಕ್ಕೂ ಕಾರಣಕ್ಕೂ ಪ್ರಮಾಣವಿದೆ. ಇವು ಯಾವ ಸಂಪಾದಕನ ಲೇಖನಿಯಿಂದಲೂ ಹುಟ್ಟಿದವಲ್ಲ.

ಈಗ ಪೂರ್ವಪಕ್ಷವನ್ನು ಒಂದೊಂದಾಗಿ ನೋಡೋಣ. ಹಿಮಯುಗದ ಮಾತು ಮೊದಲನೆಯದು. 1975ನೆಯ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ‘ನ್ಯೂಸ್‌ವೀಕ್’ ವಾರಪತ್ರಿಕೆಯು ಲೋಕವು ತಣ್ಣಗಾಗುತ್ತಿದೆಯೆಂದು ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದುದು ನಿಜ. ಆಗ್ಗೆ ಕೆಲವು ದಶಕಗಳಿಂದ ಉತ್ತರಾರ್ಧಗೋಳದ ಉಷ್ಣತೆಯು ಸ್ವಲ್ಪ ಇಳಿದಿದ್ದುದೂ, ಕಾರ್ಖಾನೆಗಳ ಹೊಗೆಯ ಕಣಗಳು ಬಿಸಿಲನ್ನು ಮರೆಮಾಡುತ್ತಿರಬಹುದೆಂದು ಕೆಲವರು ವಿಚಾರಮಾಡಿದುದೂ ನಿಜ. ಆದರೆ ಆ ಕಾಲದ ವಿಜ್ಞಾನಿಗಳೆಲ್ಲ ಹಿಮಯುಗವನ್ನು ನಿರೀಕ್ಷಿಸಿದರೆ? 1965ರಿಂದ 1979ರವರೆಗೆ ಪ್ರಕಟವಾದ ಶಾಸ್ತ್ರೀಯ ಲೇಖನಗಳನ್ನು ಮೂವರು ವಿದ್ವಾಂಸರು ಹುಡುಕಿ ಎಣಿಸಿ 2008ರಲ್ಲಿ ಫಲವನ್ನು ಪ್ರಕಟಿಸಿದರು. ತಣ್ಣಗಾಗುವುದೆಂದು ಹೇಳಿದ ಲೇಖನಗಳು 7. ಕಾಯುವುದೆಂದು ಹೇಳಿದವು 44. ಎರಡನ್ನೂ ನಿಶ್ಚಯಿಸದವು 20. ಅಂದಮೇಲೆ ತಪ್ಪಿದವರಾರು? ನಲವತ್ತನಾಲ್ಕನ್ನು ಬಿಟ್ಟು ಏಳನ್ನು ಆರಿಸಿಕೊಂಡ ಪತ್ರಿಕಾಕರ್ತರು. ಆ ಪತ್ರಿಕೆಯೇ ಮೂವತ್ತೊಂದು ವರ್ಷಗಳ ಮೇಲೆ, 2006ರಲ್ಲಿ, ತನ್ನ ಭವಿಷ್ಯವು ಸುಳ್ಳಾಯಿತೆಂದು ಒಪ್ಪಿಕೊಂಡಿತು. ಆದರೂ ನಮ್ಮ ಮಿತ್ರರು ಪತ್ರಿಕೆಯ ಪಾಪಕ್ಕೆ ಪ್ರಯೋಗಶಾಲೆಯವರಿಂದ ಪ್ರಾಯಶ್ಚಿತ್ತವನ್ನು ಕೇಳುತ್ತಿದ್ದಾರೆ!

ಎರಡನೆಯದು ಹಿಮಾಲಯದ ಮಾತು. ಇದು ನಮ್ಮ ದೇಶಕ್ಕೇ ಸಂಬಂಧಪಟ್ಟದ್ದಾದುದರಿಂದ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅಂತರರಾಷ್ಟ್ರೀಯ ವಾಯುಗುಣ ಸಮಿತಿಯು 2007ರಲ್ಲಿ ಹೊರತಂದ ವರದಿಯ ಒಂದು ಸಂಪುಟದಲ್ಲಿ, ಹಿಮಾಲಯದ ಹಿಮನದಿಗಳು 2035ರೊಳಗಾಗಿ ಇಲ್ಲವಾಗುವ ಸಂಭವವು ಬಹಳವೆಂದು ಬರೆದಿತ್ತು. ಇದು ಶುದ್ಧ ತಪ್ಪು. 2009ರ ನವೆಂಬರಿನಲ್ಲಿ ಭಾರತ ಸರ್ಕಾರದ ಪರಿಸರ ಇಲಾಖೆಯು ಹೊರತಂದ ಚರ್ಚಾಪತ್ರವೊಂದರಲ್ಲಿ ಹಿರಿಯ ಭೂಗರ್ಭಶಾಸ್ತ್ರಜ್ಞರಾದ ವಿ. ಕೆ. ರೈನಾ ಅವರು ಹಿಮನದಿಗಳ ವಿಷಯದಲ್ಲಿ ಬೇರೆಯ ಅಭಿಪ್ರಾಯವನ್ನು ಕೊಟ್ಟಾಗ, ಸಮಿತಿಯ ಅಧ್ಯಕ್ಷರು ಅದನ್ನು ಮಾಟಮಂತ್ರದ ವಿಜ್ಞಾನವೆಂದು ಹೀಗಳೆದರು. ಅದು ತಪ್ಪಿನ ಮೇಲೆ ತಪ್ಪು. ಇದನ್ನು ಮುಚ್ಚಿಡುವುದರಿಂದ ನನ್ನ ಪಕ್ಷಕ್ಕೆ ಬಲ ಬರುವುದಿಲ್ಲ.

ಆದರೆ ಆ 2035 ಎಂಬ ಅಂಕೆಯು ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ಅದು ಯಾವ ಶಾಸ್ತ್ರಗ್ರಂಥದಿಂದಲೂ ಬಂದುದಲ್ಲ. 1999ರಲ್ಲಿ ‘ನ್ಯೂ ಸೈಂಟಿಸ್ಟ್’ ಎಂಬ ಜನಪ್ರಿಯ ವಾರಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಪರಿಸರ ಸಂಸ್ಥೆಯೊಂದು 2005ರಲ್ಲಿ ತನ್ನ ವರದಿಗೆ ಇಳಿಸಿಕೊಂಡಿತು. ಅಲ್ಲಿಂದ ಅದು ಸಮಿತಿಯ ಸಂಪುಟಕ್ಕೆ ನುಸುಳಿತು. ಪತ್ರಿಕೆಯ ಅಂಕೆಯು ಪರೀಕ್ಷೆಯಿಲ್ಲದೆ ಶಾಸ್ತ್ರದ ಮನೆಯನ್ನು ಹೊಕ್ಕಾಗ ಆದ ಅನರ್ಥವಿದು. ಅದನ್ನು ಕಂಡುಹಿಡಿದು ಮೂಲದವರೆಗೆ ಜಾಡು ಹಿಡಿದವರಲ್ಲಿ ಮುಖ್ಯರಾದವರು ಭೂಮಿಯು ಕಾಯುತ್ತಿದೆಯೆಂದು ಒಪ್ಪಿದ ಹಿಮನದೀ ಶಾಸ್ತ್ರಜ್ಞರೇ. 2010ರ ಜನವರಿಯಲ್ಲಿ ಸಮಿತಿಯು ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಇಲ್ಲಿಗೆ ಕಥೆ ಮುಗಿಯಿತೆಂದು ನಮ್ಮ ಮಿತ್ರರು ಭಾವಿಸುತ್ತಾರೆ, ಮುಗಿಯಲಿಲ್ಲ. ಹಿಂದೆ ಬೇಹುಗಾರಿಕೆಗಾಗಿ ಉಪಗ್ರಹಗಳಿಂದ ತೆಗೆದಿದ್ದ ಚಿತ್ರಗಳ ಸಹಾಯದಿಂದ ಹಿಮಾಲಯದ ಸುಮಾರು 650 ಹಿಮನದಿಗಳ ನಲವತ್ತು ವರ್ಷಗಳ ಚರಿತ್ರೆಯನ್ನು ಅಳೆದು 2019ರಲ್ಲಿ ಪ್ರಕಟಿಸಿದರು. 1975ರಿಂದ 2000ದವರೆಗೆ ವರ್ಷಕ್ಕೆ ಎಷ್ಟು ಹಿಮವು ನಷ್ಟವಾಗುತ್ತಿತ್ತೋ, ಅನಂತರ ಅದರ ಸುಮಾರು ಎರಡರಷ್ಟು ನಷ್ಟವಾಗುತ್ತಿದೆಯೆಂದು ಕಂಡುಬಂತು. ತಪ್ಪಾಗಿದ್ದುದು ಇಸವಿ, ಕರಗುವಿಕೆಯಲ್ಲ. ಜ್ಯೋತಿಷಿಯು ಗ್ರಹಣದ ಗಳಿಗೆಯನ್ನು ತಪ್ಪಾಗಿ ಬರೆದನೆಂದು ಚಂದ್ರನಿಗೆ ಗ್ರಹಣವೇ ಇಲ್ಲವೆನ್ನುವುದುಂಟೆ? ನೆಗಡಿ ಬಂದರೆ ಮೂಗನ್ನೇ ಕೊಯ್ದುಕೊಳ್ಳುವ ವಿವೇಕವಿದು.

ಇನ್ನು ಪತ್ರಿಕೆಗಳ ಪಕ್ಷಪಾತದ ವಿಷಯ. ಪಕ್ಷಪಾತವಿದೆಯೆಂದು ದೂರುವ ಮಿತ್ರರೊಡನೆ ನಾನೂ ದೂರುವೆನು. ಆದರೆ ಅದು ಯಾವ ಕಡೆಗೆ ವಾಲಿತ್ತೆಂಬುದನ್ನು ನೋಡಬೇಕು. ಅಮೆರಿಕದ ನಾಲ್ಕು ಪ್ರತಿಷ್ಠಿತ ಪತ್ರಿಕೆಗಳು 1988ರಿಂದ 2002ರವರೆಗೆ ಈ ವಿಷಯವಾಗಿ ಬರೆದುದರಿಂದ 636 ಲೇಖನಗಳನ್ನು ಆರಿಸಿ ಪರೀಕ್ಷಿಸಿದ ಸಂಶೋಧಕರು ತಮ್ಮ ಫಲವನ್ನು 2004ರಲ್ಲಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚಿನ ಲೇಖನಗಳು, ಮನುಷ್ಯನೇ ಕಾರಣವೆಂಬ ಶಾಸ್ತ್ರಜ್ಞರ ಮಾತಿಗೂ ಅಲ್ಲವೆಂಬ ಕೆಲವರ ಮಾತಿಗೂ ಸರಿಸಮವಾದ ಮನ್ನಣೆಯನ್ನು ಕೊಟ್ಟಿದ್ದವು. ಪತ್ರಿಕಾಕರ್ತರು ಇದನ್ನು ನಿಷ್ಪಕ್ಷಪಾತವೆಂದು ಭಾವಿಸಿದ್ದರು. ಹೊಲವನ್ನು ಒತ್ತಿಕೊಂಡವನಿಗೂ ಹೊಲದ ಒಡೆಯನಿಗೂ ಅರ್ಧರ್ಧ ಹಂಚಿಕೊಟ್ಟು, ತಾವು ಸಮದರ್ಶಿಗಳೆಂದು ಬೀಗುವ ಪಂಚರು ಯಾವ ಊರಿನಲ್ಲಾದರೂ ಇದ್ದರೆ, ಅವರ ನ್ಯಾಯವು ಹೀಗಿದ್ದೀತು. ಅಭಿಪ್ರಾಯಗಳು ಎರಡಿದ್ದ ಮಾತ್ರಕ್ಕೆ ಪ್ರಮಾಣಗಳೂ ಎರಡು ಕಡೆ ಸಮನಾಗಿ ಇರುವುವೆಂದು ಭಾವಿಸುವುದು ಸೋಮಾರಿಯಾದ ಸಂಪಾದಕನ ಲಕ್ಷಣ. ಪ್ರಮಾಣವನ್ನು ತೂಗುವ ಕಷ್ಟವನ್ನು ತಪ್ಪಿಸಿಕೊಂಡು ಆತನು ಇಬ್ಬರಿಗೂ ಅಂಕಣವನ್ನು ಅಳೆದುಕೊಟ್ಟು ಕೈತೊಳೆದುಕೊಳ್ಳುತ್ತಾನೆ.

ಇಂಗ್ಲೆಂಡಿನ ಬಿ.ಬಿ.ಸಿ.ಯಂಥ ಸಂಸ್ಥೆಯೂ ಈ ದೋಷದಿಂದ ಪಾರಾಗಲಿಲ್ಲ. 2017ರ ಆಗಸ್ಟಿನಲ್ಲಿ ಅದರ ಬೆಳಗಿನ ರೇಡಿಯೊ ಕಾರ್ಯಕ್ರಮದಲ್ಲಿ ಹಿಂದೆ ಅರ್ಥಸಚಿವರಾಗಿದ್ದ ಲಾರ್ಡ್ ಲಾಸನ್ ಅವರು, ಕಳೆದ ಹತ್ತು ವರ್ಷಗಳಲ್ಲಿ ಲೋಕದ ಸರಾಸರಿ ಉಷ್ಣತೆಯು ಸ್ವಲ್ಪ ಇಳಿದಿದೆಯೆಂದು ಹೇಳಿದರು. ಎದುರಿಗಿದ್ದ ಸಂದರ್ಶಕನು ಅದನ್ನು ತಿದ್ದಲಿಲ್ಲ. ಆ ಮಾತು ಸುಳ್ಳಾಗಿದ್ದಿತು. ಪ್ರಸಾರದ ನಿಯಮಗಳು ಇದರಿಂದ ಭಂಗವಾದುವೆಂದು 2018ರಲ್ಲಿ ಅಲ್ಲಿನ ನಿಯಂತ್ರಣ ಮಂಡಲಿಯವರು ತೀರ್ಪಿತ್ತರು. ಅದೇ ವರ್ಷ ಬಿ.ಬಿ.ಸಿ.ಯು ತನ್ನ ನೌಕರರಿಗೆ, ಸಮತೋಲದ ಹೆಸರಿನಲ್ಲಿ ನಿರಾಕರಿಸುವವನೊಬ್ಬನನ್ನು ಕರೆತರಬೇಕಾದ ಅಗತ್ಯವಿಲ್ಲವೆಂದು ತಿಳಿಸಿತು. ಕೇಳುಗರ ಮನಸ್ಸಿನಲ್ಲಿ ಅಷ್ಟು ಹೊತ್ತಿಗೆ ಬಿದ್ದಿದ್ದ ಬೀಜಗಳನ್ನು ಹೆಕ್ಕಿ ತೆಗೆಯುವವರಾರು?

ಈ ಬೀಜಗಳು ತಾವಾಗಿಯೇ ಹಾರಿಬಂದುವೂ ಅಲ್ಲ. ಸಂಶಯವನ್ನು ಸರಕಾಗಿ ತಯಾರಿಸುವ ಕಸಬು ಮೊದಲು ಬೆಳೆದುದು ಹೊಗೆಸೊಪ್ಪಿನ ವ್ಯಾಪಾರದಲ್ಲಿ. 1954ನೆಯ ಜನವರಿ 4ರಂದು ಅಮೆರಿಕದ ಸಿಗರೇಟು ಕಂಪೆನಿಗಳು ನಾನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತನ್ನು ಕೊಟ್ಟು, ಸಿಗರೇಟಿನಿಂದ ಅರ್ಬುದ ರೋಗವು ಬರುವುದೆಂಬುದು ಇನ್ನೂ ಸಿದ್ಧವಾಗಿಲ್ಲವೆಂದು ಸಾರಿದುವು. ಸಂಶಯವೇ ತಮ್ಮ ಸರಕೆಂದು ಅಂಥ ಕಂಪೆನಿಯೊಂದರ 1969ರ ಒಳಗಿನ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದುದು ಮುಂದೆ ಬೆಳಕಿಗೆ ಬಂತು. ಕಲ್ಲೆಣ್ಣೆಯ ವ್ಯಾಪಾರಿಗಳು ಇದೇ ದಾರಿಯನ್ನು ಹಿಡಿದರು. ಎಕ್ಸಾನ್ ಕಂಪೆನಿಯ ಸ್ವಂತ ವಿಜ್ಞಾನಿಗಳು 1977ರಿಂದ ಮುಂದೆ ಭೂಮಿಯು ಎಷ್ಟು ಕಾಯುವುದೆಂದು ಲೆಕ್ಕಹಾಕುತ್ತಿದ್ದರು. ಆ ಲೆಕ್ಕಗಳನ್ನು ಆಮೇಲೆ ನಡೆದುದರೊಡನೆ ಹೋಲಿಸಿ 2023ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ, ಅವುಗಳಲ್ಲಿ ಶೇಕಡ 63ರಿಂದ 83ರಷ್ಟು ಸರಿಯಾಗಿದ್ದುವೆಂದು ಕಂಡುಬಂತು. ಆದರೆ 2000ದಲ್ಲಿ ಅದೇ ಕಂಪೆನಿಯ ಜಾಹೀರಾತು ಪತ್ರಿಕೆಗಳಲ್ಲಿ ಓದುಗರಿಗೆ ಹೇಳಿದುದೇನು? ಈ ವಿಜ್ಞಾನವು ಇನ್ನೂ ಇತ್ಯರ್ಥವಾಗಿಲ್ಲವೆಂದು! ತನ್ನ ಮನೆಯೊಳಗೆ ನಿರ್ಣಯವನ್ನು ಇಟ್ಟುಕೊಂಡು ಬೀದಿಯಲ್ಲಿ ಸಂಶಯವನ್ನು ಮಾರುವವನಿಗೆ ಏನೆನ್ನಬೇಕು? ಯಾರಿಗೂ ಮರುಳಾಗಲಾರೆವೆಂದು ನಗುವ ನಮ್ಮ ಮಿತ್ರರು, ತಾವು ಯಾರ ಅಂಗಡಿಯ ಗಿರಾಕಿಗಳಾಗಿದ್ದೇವೆಂಬುದನ್ನು ಒಮ್ಮೆ ಯೋಚಿಸಬೇಕು.

ಪ್ರಾಮಾಣಿಕವಾದ ಸಂಶಯವು ಹೇಗಿರುತ್ತದೆಂದು ಕೇಳಿದರೆ ಅದಕ್ಕೂ ದೃಷ್ಟಾಂತವುಂಟು. ಕ್ಯಾಲಿಫೋರ್ನಿಯದ ಭೌತಶಾಸ್ತ್ರಜ್ಞರಾದ ರಿಚರ್ಡ್ ಮುಲ್ಲರ್ ಅವರಿಗೆ ಉಷ್ಣತೆಯ ದಾಖಲೆಗಳಲ್ಲಿ ನಂಬಿಕೆಯಿರಲಿಲ್ಲ. ನಗರಗಳ ಬಿಸಿಯಿಂದ ಅಳತೆಯು ಕೆಟ್ಟಿರಬಹುದು, ಅಳೆಯುವ ಕೇಂದ್ರಗಳೇ ಸರಿಯಿಲ್ಲದಿರಬಹುದು ಎಂಬುದು ಅವರ ಶಂಕೆ. ಅವರು ಶಂಕೆಯನ್ನೇ ಉಪದೇಶಿಸುತ್ತ ಕೂಡಲಿಲ್ಲ. ಸಂಗಡಿಗರನ್ನು ಕೂಡಿಸಿಕೊಂಡು, ಮೂವತ್ತು ಸಾವಿರಕ್ಕೂ ಮಿಕ್ಕ ಕೇಂದ್ರಗಳ ದಾಖಲೆಗಳನ್ನು ಮೊದಲಿಂದ ಪರಿಶೋಧಿಸಿದರು. ಕಲ್ಲೆಣ್ಣೆಯಿಂದ ಸಂಪತ್ತನ್ನು ಗಳಿಸಿದ ಕೋಕ್ ಮನೆತನದ ದತ್ತಿಯೊಂದೂ ಇದಕ್ಕೆ ಹಣವನ್ನು ಒದಗಿಸಿತ್ತು. 250 ವರ್ಷಗಳಲ್ಲಿ ನೆಲದ ಉಷ್ಣತೆಯು ಸುಮಾರು ಒಂದೂವರೆ ಡಿಗ್ರಿ ಏರಿದೆಯೆಂದೂ, ಇದಕ್ಕೆ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯನೇ ಕಾರಣನೆಂದೂ 2012ರಲ್ಲಿ ಅವರು ಸಾರಿದರು. ತಮ್ಮ ಮೊದಲಿನ ಅಭಿಪ್ರಾಯವನ್ನು ಬಿಟ್ಟೆನೆಂದು ನಾಚದೆ ಬರೆದರು. ಇದು ಸಂಶಯ. ಅವರ ಕೆಲಸವು ನಡೆಯುತ್ತಿದ್ದಾಗ, ಫಲವು ಏನೇ ಬರಲಿ ಒಪ್ಪಿಕೊಳ್ಳುವೆನೆಂದು ಘೋಷಿಸಿದ್ದ ಪ್ರಸಿದ್ಧ ನಿರಾಕರಣವಾದಿಯೊಬ್ಬರು, ಫಲವು ಬಂದ ಮೇಲೆ ಅದನ್ನು ಒಪ್ಪಲಿಲ್ಲ. ಇದು ವಿತಂಡ. ಎರಡರ ಭೇದವನ್ನು ತಿಳಿಯಲು ಇದಕ್ಕಿಂತ ಬೇರೆ ಪಾಠವು ಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಎದುರು ಬದಿಯ ಪಕ್ಷಪಾತವನ್ನೂ ಹೇಳದಿದ್ದರೆ ನಾನೂ ಒಕ್ಕಣ್ಣನಾದೇನು. ಮಳೆ ಹೆಚ್ಚಾದರೂ ವಾಯುಗುಣ, ಕಡಿಮೆಯಾದರೂ ವಾಯುಗುಣ, ಸೇತುವೆ ಕುಸಿದರೂ ವಾಯುಗುಣವೆಂದು ಕೂಗುವ ಪತ್ರಿಕೆಗಳು ಇಂದು ಬಹಳವಾಗಿವೆ. ಎತ್ತು ಈಯಿತೆಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟೆನ್ನುವ ಜಾತಿಯವು ಇವು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳು ಮುಳುಗಿದಾಗ ಮಳೆಯು ವಿಪರೀತವಾಗಿದ್ದುದು ನಿಜ. ಆದರೆ ಕೆರೆಯಂಗಳದಲ್ಲಿ ಮನೆ ಕಟ್ಟಿದುದೂ ರಾಜಕಾಲುವೆಯನ್ನು ಒತ್ತಿಕೊಂಡುದೂ ಮೋಡಗಳ ಕೆಲಸವಲ್ಲ. ಎಲ್ಲವನ್ನೂ ಆಕಾಶದ ಮೇಲೆ ಹೊರಿಸಿದರೆ ನೆಲದ ಮೇಲಿನ ತಪ್ಪಿತಸ್ಥನು ನಿಟ್ಟುಸಿರುಬಿಟ್ಟು ಮನೆಗೆ ಹೋಗುತ್ತಾನೆ. ಅಷ್ಟೇ ಅಲ್ಲ, ದಿನವೂ ತೋಳ ಬಂತೆಂದು ಕೂಗಿದವನ ಮಾತನ್ನು ತೋಳವು ನಿಜವಾಗಿ ಬಂದ ದಿನ ಯಾರೂ ಕೇಳುವುದಿಲ್ಲ. ವಿದ್ಯಾವಂತರ ನಗೆಗೆ ಅರ್ಧ ಕಾರಣವು ಈ ಕೂಗಾಟವೇ. ಸುಳ್ಳು ಸಮತೋಲದಿಂದ ಒಂದು ಕಡೆಯೂ, ಸುಳ್ಳು ಗಾಬರಿಯಿಂದ ಮತ್ತೊಂದು ಕಡೆಯೂ ಪತ್ರಿಕೆಗಳು ಜನರ ನಿರ್ಣಯಶಕ್ತಿಯನ್ನು ಕೆಡಿಸಿವೆ.

ಕೊನೆಯ ಆಕ್ಷೇಪವು ಪಶ್ಚಿಮದವರ ಉಪಾಯವೆಂಬುದು. ಇದರಲ್ಲಿ ಎರಡು ಬೇರೆ ಮಾತುಗಳು ಸಿಕ್ಕುಬಿದ್ದಿವೆ. ಭೂಮಿಯು ಕಾಯುತ್ತಿದೆಯೇ ಎಂಬುದು ಒಂದು. ಅದರ ಹೊಣೆಯನ್ನು ಯಾರು ಎಷ್ಟು ಹೊರಬೇಕೆಂಬುದು ಮತ್ತೊಂದು. ಮೊದಲನೆಯದು ಅಳತೆಯ ಪ್ರಶ್ನೆ, ಎರಡನೆಯದು ನ್ಯಾಯದ ಪ್ರಶ್ನೆ. ದೆಹಲಿಯ ಅನಿಲ್ ಅಗರ್‌ವಾಲ್ ಮತ್ತು ಸುನೀತಾ ನಾರಾಯಣ್ ಅವರು 1991ರಲ್ಲಿಯೇ ಅಮೆರಿಕದ ಸಂಸ್ಥೆಯೊಂದರ ಲೆಕ್ಕವನ್ನು ಎತ್ತಿಕೊಂಡು, ಬಡ ದೇಶಗಳ ಮೇಲೆ ಅನ್ಯಾಯವಾಗಿ ಭಾರವನ್ನು ಹೊರಿಸಿದ್ದಾರೆಂದು ಅಂಕೆಗಳಿಂದಲೇ ವಾದಿಸಿದರು. ಶಾಸ್ತ್ರವನ್ನು ಅವರು ಸುಳ್ಳೆನ್ನಲಿಲ್ಲ. ಶಾಸ್ತ್ರವನ್ನು ಒಪ್ಪಿದುದರಿಂದಲೇ ಅವರ ಮಾತಿಗೆ ತೂಕ ಬಂತು. ಇಂದಿಗೂ ಭಾರತೀಯನೊಬ್ಬನ ಪಾಲಿನ ಇಂಗಾಲಾಮ್ಲವು ಲೋಕದ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ನಮಗೆ ಸಲ್ಲಬೇಕಾದ ನ್ಯಾಯವನ್ನು ಕೇಳುವುದಕ್ಕೆ ಈ ಅಂಕೆಯೇ ಆಯುಧ. ಅಳತೆಗಳೆಲ್ಲ ಸುಳ್ಳೆಂದವನು ಈ ಆಯುಧವನ್ನು ತಾನೇ ಕೆಳಗಿಟ್ಟಂತಾಗುತ್ತದೆ. ಸಾಲವೇ ಇಲ್ಲವೆಂದ ಮೇಲೆ, ಸಾಲದಲ್ಲಿ ಹೆಚ್ಚಿನ ಪಾಲು ಅವರದೆಂದು ಹೇಳುವುದು ಹೇಗೆ?

ಇದು ಕೇವಲ ಸಭೆಯ ಚರ್ಚೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದುವು. 2023ರಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಇವುಗಳಲ್ಲಿ ಎಷ್ಟು ಪಾಲು ವಾಯುಗುಣದ್ದು, ಎಷ್ಟು ಪಾಲು ನಮ್ಮ ಅವಿವೇಕದ್ದೆಂದು ಬಿಡಿಸಿ ತಿಳಿಯದ ಹೊರತು, ಯಾವ ಕೆರೆಯ ಹೂಳನ್ನು ತೆಗೆಸಬೇಕು, ಯಾವ ಗುಡ್ಡವನ್ನು ಕಡಿಯಬಾರದು, ಯಾವ ಬೆಳೆಯನ್ನು ಬಿಡಬೇಕೆಂದು ನಿಶ್ಚಯಿಸುವುದು ಸಾಧ್ಯವಿಲ್ಲ. ಬೇಸಾಯಗಾರನು ಸಂಶಯವಿದ್ದರೂ ಮುಂಗಾರಿನಲ್ಲಿ ಬಿತ್ತಲೇಬೇಕು. ಅವನಿಗೆ ನಿರ್ಣಯ ಬೇಕು. ನಗುವ ಸೌಕರ್ಯವು ತಿಂಗಳ ಸಂಬಳದವರಿಗೆ ಮಾತ್ರವೇ ಇರುವುದು.

ಆದಕಾರಣ ಎರಡು ಬಿನ್ನಹಗಳು. ಮೊದಲನೆಯದು ಪತ್ರಿಕಾಕರ್ತರಿಗೆ. ತಪ್ಪನ್ನು ಯಾವ ಪುಟದಲ್ಲಿ, ಯಾವ ಗಾತ್ರದ ಅಕ್ಷರದಲ್ಲಿ ಅಚ್ಚುಮಾಡಿದಿರೋ, ತಿದ್ದುಪಡಿಯನ್ನೂ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ಅಚ್ಚುಮಾಡಿರಿ. ಎರಡು ಅಭಿಪ್ರಾಯಗಳನ್ನು ಕೊಡುವಾಗ ಒಂದೊಂದರ ಹಿಂದೆ ಎಷ್ಟು ಪ್ರಮಾಣವಿದೆಯೆಂಬುದನ್ನೂ ಕೊಡಿರಿ. ಎರಡನೆಯದು ನಮ್ಮ ಸಂಘಕ್ಕೂ ಈ ಪತ್ರಿಕೆಯ ವಾಚಕರಿಗೂ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದ್ದಾರೆ. ಭಾರತದ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾದುದು; ಅದರ ಹಳೆಯ ದಾಖಲೆಗಳೂ ಉಂಟು. ನಮ್ಮ ಜಿಲ್ಲೆಯ ಪ್ರತಿಯೊಂದು ತಾಲ್ಲೂಕಿನ ತಿಂಗಳ ಮಳೆಯನ್ನೂ ಉಷ್ಣತೆಯನ್ನೂ, ಹಿಂದಿನ ವರ್ಷಗಳ ಸರಾಸರಿಯೊಡನೆ, ಈ ಪತ್ರಿಕೆಯ ಕೊನೆಯ ಅರ್ಧ ಪುಟದಲ್ಲಿ ಪ್ರತಿ ತಿಂಗಳೂ ಪ್ರಕಟಿಸತಕ್ಕದ್ದು. ಹತ್ತು ವರ್ಷ ಇದನ್ನು ಬಿಡದೆ ನಡೆಸಿದರೆ ನಮ್ಮ ಮನೆಗಳಲ್ಲಿ ಮಾತನಾಡುವುದಕ್ಕೆ ಪರವೂರಿನ ಕೂಗಿನ ಬದಲು ನಮ್ಮೂರಿನ ಅಳತೆಯೇ ಇರುತ್ತದೆ. ನಕ್ಕ ಮಿತ್ರರೇ ಆ ಅಂಕೆಗಳನ್ನು ಬರೆದುಕೊಳ್ಳುವ ಕೆಲಸವನ್ನು ವಹಿಸಿಕೊಳ್ಳಲಿ. ಅವರ ಸಂಶಯವು ಸಂಶಯವೇ ಆಗಿದ್ದರೆ, ಅವರಿಗೆ ಇದಕ್ಕಿಂತ ಸಂತೋಷದ ಕೆಲಸವು ಬೇರೊಂದಿರಲಾರದು.